ಅವರೆಕಾಳಿನ ರಾಜ

ದೆವ್ವ, ಪವಾಡ ಅಂತ ಯಾರಾದರೂ ಶುರು ಮಾಡಿದರೆ ಕಾಫಿ ತರುವ ನೆಪದಲ್ಲಿ ಎದ್ದುಹೋಗುತ್ತಿದ್ದವನು ನಾನು. ಅಮೆರಿಕದ ಪಿಸ್ಕಾಟವೇಯಲ್ಲಿ ಇಂಜಿನಿಯರ್ ಆಗಿರುವವನು ಇಂಥದ್ದನ್ನು ಬರೆಯಲು ಸ್ವಲ್ಪ ನಾಚಿಕೆಯೇ ಆಗುತ್ತದೆ. ಆದರೆ ಕೆಲವು ವರ್ಷದ ಹಿಂದೆ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ನನ್ನ ಅಕ್ಕ ಇಲ್ಲಿನ ಕಾಲೇಜಿನಲ್ಲಿ ಐನೂರು ವರ್ಷ ಹಿಂದಿನ, ಟ್ಯೂಡರ್ ರಾಜರ ಕಾಲದ ಇಂಗ್ಲೆಂಡಿನ ಚರಿತ್ರೆ ಪಾಠ ಮಾಡುತ್ತಾಳೆ. ಪ್ರತಿ ಕ್ರಿಸ್‌ಮಸ್ ರಜೆಯಲ್ಲಿ ಪಕ್ಕದ ಮನ್ರೋ ಊರಿನ ಅವಳ ಮನೆಯಲ್ಲಿ ಆ ಕಾಲದ ಶ್ರೀಮಂತರ ಮನೆಯ ಹಾಗೇ ಹಬ್ಬ ನಡೆಯುತ್ತಿತ್ತು. ಆ ಕಾಲದಲ್ಲಿ ಊರೂರು ಸುತ್ತುವ ಕಲಾವಿದರು ಬಂದರೆ ಮೊದಲು ಊಟ, ಆಮೇಲೆ ಆಟ. ಕೇಕಿನಲ್ಲಿ ಅಡಗಿಸಿದ ಕಾಳು ಯಾರಿಗೆ ಸಿಗುತ್ತದೋ ಅವರೇ ಆ ದಿನದ ರಾಜ, ಅವರ ಅಪ್ಪಣೆ ಎಲ್ಲರೂ ಪಾಲಿಸಬೇಕು. ನಾವು ಕೇಕಿನ ಬದಲು ಕೇಸರಿಬಾತಿಗೆ ಒಂದು ಅವರೆಕಾಳು ಹಾಕುತ್ತಿದ್ದೆವು.

ಭಾವ ತೀರಿಕೊಂಡ ವರ್ಷ ಅಕ್ಕ ನಗುವುದನ್ನೇ ಬಿಟ್ಟಳು. "ಈ ಸಲ ಏನೂ ಬೇಡ ಕಣೋ" ಎಂದಳು. ಅವಳು ಒಂದು ಸಲ ನಕ್ಕರೆ ಸಾಕಾಗಿತ್ತು ನನಗೆ. ಅವಳಿಗೆ ಹೇಳದೆ, ಇಮೇಲಿನಲ್ಲೇ ಒಬ್ಬ ಅಮೆರಿಕನ್ ವಿದೂಷಕನನ್ನು ಗೊತ್ತು ಮಾಡಿದೆ.

ಹಬ್ಬದ ದಿನ ನಾವೇ ಕಾಳು ಹಾಕಿದ ಕೇಸರಿಬಾತು ಮಾಡಿಕೊಂಡು ಅಕ್ಕನ ಮನೆಗೆ ಹೋದೆವು. ಅವನು ಮಧ್ಯಾಹ್ನಕ್ಕೆ ಸರಿಯಾಗಿ ಬಂದ. ಕೆಂಪು ಗಡ್ಡ, ಗೆಜ್ಜೆ ಕಟ್ಟಿದ ಟೋಪಿ, ಪುಟ್ಟ ಡೋಲು. ನನ್ನ ಹೆಂಡತಿ, ಅವನು ಕೈ ಅಡ್ಡ ಹಿಡಿದರೂ ಬಿಡದೆ, ಮೂರು ಸಲ ಕೇಸರಿಬಾತು ಬಡಿಸಿದಳು. ಈ ಉಪಚಾರದಲ್ಲಿ ಕಾಳು ಅವನ ತಟ್ಟೆಗೇ ಹೋಯಿತು! ಅವನು ಕುಣಿದಾಡಿಬಿಟ್ಟ. ಆಮೇಲೆ ಅಕ್ಕನ ಮುಂದೆ ಮಂಡಿಯೂರಿ, "ರಾಜಾಜ್ಞೆ! ಈ ಮನೇಲಿ ಮೊದಲು ನಗಬೇಕಾದವರು ನೀವೇ ಅಮ್ಮಾ" ಎಂದ, ಅಚ್ಚ ಮೈಸೂರು ಕನ್ನಡದಲ್ಲಿ. ಅಕ್ಕ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಅವನು ಹೋದ ಮೇಲೆ, "ಎಷ್ಟ್ ಚೆನ್ನಾಗಿ ಕನ್ನಡ ಮಾತಾಡ್ದ!" ಎಂದೆ.

"ಕನ್ನಡವಾ? ತುಳುವಲ್ಲಿ ಅಲ್ವಾ ಅವನು ಹೇಳಿದ್ದು?" ಎಂದಳು ಉಡುಪಿಯವಳಾದ ನನ್ನ ಹೆಂಡತಿ.

ಫೋನಿನಲ್ಲಿ ತೆಗೆದಿದ್ದ ವಿಡಿಯೋ ಹಾಕಿ ನೋಡಿದೆವು. ಡೋಲಿದೆ, ಗೆಜ್ಜೆಯಿದೆ, ಅಕ್ಕನ ನಗುವಿದೆ. ಅವನ ದನಿ ಮಾತ್ರ ಇಲ್ಲ, ತುಟಿ ಒಮ್ಮೆಯೂ ಅಲುಗಿಲ್ಲ. ಕನ್ನಡ ಎಲ್ಲಿ ಕಲಿತಿರಿ ಎಂದು ಇಮೇಲ್ ಮಾಡಿದೆ. ತನಗೆ ಹುಟ್ಟಿನಿಂದಲೇ ಮಾತು ಬರುವುದಿಲ್ಲ, ಸಿಹಿ ಬಹಳ ರುಚಿಯಾಗಿತ್ತು ಎಂದು ಉತ್ತರ ಬಂತು.

ಇದರ ತಲೆಬುಡ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅಕ್ಕನಿಗೆ ಏನು ಕೇಳಿಸಿತು ಎಂದು ಎಷ್ಟು ಸಲ ಕೇಳಿದ್ದೇನೋ. ನನಗೆ ಕೇಳಿಸಿದ ಮಾತಿಗೆ ಯಾರೂ ಅಷ್ಟೊಂದು ನಗಲಾರರು. "ಅದು ನಂಗೆ ಹೇಳಿದ್ದು ಕಣೋ, ನಿಂಗಲ್ಲ" ಎನ್ನುತ್ತಾಳೆ. ಆಮೇಲೆ ಭಾವನ ಫೋಟೋ ಕಡೆ ನೋಡಿ, ಮತ್ತೆ ನಗಲು ಶುರು ಮಾಡುತ್ತಾಳೆ.