ರಜಿಸ್ಟ್ರಿಗೆ ಮೊದಲೇ ತಾಬಾ

ಅವ್ವನ ಸೊಂಟದ ಮೂಳೆ ಮುರಿದಾಗ ನಾವು ಪುಣೆಯ ಕಾತ್ರಜದಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದೆವು. ಅದೇ ಓಣಿಯಲ್ಲಿ ನೆಲಮಹಡಿಯ ಹಳೇ ಫ್ಲಾಟೊಂದನ್ನು ಕೊಳ್ಳುವ ಮಾತು ಮುಗಿದಿತ್ತು. ರಜಿಸ್ಟ್ರಿಗೆ ಇನ್ನೂ ಮೂರು ವಾರ. ಆಪರೇಷನ್, ನಡಿಗೆಯ ಅಭ್ಯಾಸ ಎಲ್ಲ ಮುಗಿಸಿ ಆಸ್ಪತ್ರೆಯವರು ಅವ್ವನನ್ನು ಕಳಿಸುವುದೂ ಆ ಹೊತ್ತಿಗೇ. ಆದರೆ ಆ ಫ್ಲಾಟಿನಲ್ಲಿದ್ದದ್ದು ಕುಕ್ಕರಗಾಲಿನಲ್ಲಿ ಕೂರುವ ಕಕ್ಕಸು.

ಅವ್ವ ಮೊದಲೇ ಹೇಳಿಬಿಟ್ಟಿದ್ದಳು: "ಅಲ್ಲಿ ಹೋಗ್ಲಿಕ್ಕೂ ಇನ್ನೊಬ್ಬರ ಕೈ ಹಿಡೀಬೇಕಂದ್ರ ನಾ ಊಟಾನ ಬಿಡ್ತೀನಿ." ಅಂದದ್ದನ್ನು ಮಾಡುವ ಹೆಂಗಸು ಆಕೆ. ಆಸ್ಪತ್ರೆಯಲ್ಲಿ ಆಗಲೇ ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದಳು.

ಹಾಗಾಗಿ ರಜಿಸ್ಟ್ರಿಗೆ ಮೊದಲೇ ಕಮೋಡು ಕೂರಿಸುವ ಕೆಲಸ ಹಿಡಿಯಲೇಬೇಕಿತ್ತು. ಮನೆ ಮಾರುತ್ತಿದ್ದ ಮರಾಠಿ ಕಾಕಾ ಹೆಂಡತಿ ತೀರಿದ ಮೇಲೆ ಮಗಳ ಮನೆಯಲ್ಲಿದ್ದರು. ಎರಡು ದಿನ ಯೋಚಿಸಿ ಕೀಲಿಕೈ ಕೊಟ್ಟರು. ಸೊಸೈಟಿಯ ಪರವಾನಗಿಗೂ ತಾವೇ ಸಹಿ ಹಾಕಿದರು. ಷರತ್ತು ಒಂದೇ: ರಜಿಸ್ಟ್ರಿ ಆಗುವವರೆಗೆ ಮನೆ ತಮ್ಮದು, ದಿನಾ ಸಂಜೆ ಏನೇನಾಯಿತೆಂದು ತಿಳಿಸಬೇಕು. ಗಾರೆ ಕೆಲಸಕ್ಕೆ ವಿಜಯಪುರ ಕಡೆಯ ಗೌಂಡಿಯೊಬ್ಬನನ್ನು ಹಿಡಿದು ಮರುದಿನವೇ ಕೆಲಸ ಶುರು ಮಾಡಿಸಿದೆ.

ಮೂರನೇ ದಿನ ಬಾಗಿಲಿನ ಹಳೇ ಕೀಲಿ ಸಿಮೆಂಟಿನ ಧೂಳಿಗೆ ಕಚ್ಚಿಕೊಂಡಿತು. ಗೌಂಡಿ ಯಾರನ್ನೂ ಕೇಳದೆ ಹೊಸ ಕೀಲಿ ತಂದು ಜಡಿದ. ಇಪ್ಪತ್ತು ವರ್ಷ ಪುಣೆಯಲ್ಲಿದ್ದವಳು, ನನ್ನ ಮರಾಠಿಗೆ ಯಾರೂ ಕೊಂಕು ತೆಗೆಯುವಂತಿಲ್ಲ ಎಂಬ ಜಂಬ ನನಗೆ. ಸಂಜೆ ಕಾಕಾಗೆ ಮೆಸೇಜ್ ಕಳಿಸಿದೆ: "ಕುಲೂಪ್ ಬದಲಲಂ. ಘರ್ ಮಾಝ್ಯಾ ತಾಬ್ಯಾತ್ ಆಹೇ. ಕಾಳಜೀ ಕರೂ ನಕಾ." ಕೀಲಿ ಬದಲಾಯಿಸಿದ್ದೇವೆ, ಮನೆ ನನ್ನ ಜೋಪಾನದಲ್ಲಿದೆ, ಚಿಂತೆ ಬೇಡ ಎಂದು ಧೈರ್ಯ ಹೇಳಿದ್ದೆ.

ಬೆಳಿಗ್ಗೆ ಹೋದರೆ ಗೌಂಡಿ ಮೆಟ್ಟಿಲ ಮೇಲೆ ಕೈಕಟ್ಟಿ ಕೂತಿದ್ದಾನೆ. ಬಾಗಿಲಲ್ಲಿ ಕಾಕಾ, ಕೈಯಲ್ಲಿ ಹೊಸ ಕೀಲಿಗೆ ಹೊಂದದ, ತಮ್ಮ ಬಳಿಯೇ ಉಳಿದಿದ್ದ ಇನ್ನೊಂದು ಹಳೇ ಕೀಲಿಕೈ. ಕೆಲಸ ಬಂದ್, ರಜಿಸ್ಟ್ರಿಗೂ ಬರುವುದಿಲ್ಲ ಎಂದರು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ನಾನೇನು ಕಳ್ಳಿಯೇ ಎಂದು ಓಣಿಗೆಲ್ಲ ಕೇಳುವಂತೆ ಹರಿಹಾಯ್ದೆ. ಅವರು ಫೋನು ನನ್ನ ಮುಖದ ಮುಂದೆ ಹಿಡಿದರು.

ನನ್ನದೇ ಮಾತನ್ನು ಗಟ್ಟಿಯಾಗಿ ಓದುತ್ತಾ 'ತಾಬ್ಯಾತ್' ಎಂಬಲ್ಲಿಗೆ ಬಂದಾಗ ತಪ್ಪು ಹೊಳೆಯಿತು. ಮನೆ ಮಾರುವವರ ಮರಾಠಿಯಲ್ಲಿ ತಾಬಾ ಎಂದರೆ ಸ್ವಾಧೀನ. ಆ ಮುದುಕರು ಓದಿದ್ದು ಇಷ್ಟು: ಕೀಲಿ ಬದಲಾಯಿಸಿದ್ದೇನೆ, ಮನೆ ವಶಪಡಿಸಿಕೊಂಡಿದ್ದೇನೆ, ನೀವು ಸುಮ್ಮನಿರಿ. ರಾತ್ರಿ ಅವರಿಗೆ ನಿದ್ದೆಯೇ ಬಂದಿರಲಿಲ್ಲವಂತೆ. ನನಗೆ ನಾಚಿಕೆಯಾಯಿತು.

ಮೊದಲು ಹೊಸ ಕೀಲಿಕೈ ಅವರ ಕೈಗಿಟ್ಟೆ. ನಮ್ಮ ಮನೆಯಲ್ಲಿ ಆ ಶಬ್ದವನ್ನು ಜೋಪಾನ ಎಂಬರ್ಥದಲ್ಲಿ ಮನುಷ್ಯರಿಗೇ ಹೆಚ್ಚು ಬಳಸುತ್ತೇವೆ ಎಂದೆ. ಅಪ್ಪ ತೀರಿಹೋಗುವ ಮುಂಚೆ ನನಗೆ ಹೇಳಿದ ಮಾತನ್ನು ಕನ್ನಡದಲ್ಲೇ ಹೇಳಿ ತೋರಿಸಿದೆ: "ನಿಮ್ಮವ್ವನ್ನ ನಿನ್ನ ತಾಬಾಕ್ಕ ಬಿಟ್ಟೀನಿ, ನೋಡ್ಕೋ."

"ಹೌದ್ರಿ ಕಾಕಾ, ನಮ್ಮ ಕಡೆ ಹಂಗ ಅಂತಾರ್ರಿ," ಎಂದು ಗೌಂಡಿಯೂ ಕನ್ನಡದಲ್ಲೇ ಸಾಕ್ಷಿ ನುಡಿದ. ಕಾಕಾಗೆ ಎಷ್ಟು ತಿಳಿಯಿತೋ, ತಲೆಯಾಡಿಸಿದರು.

ಬಾಗಿಲು ತೆಗೆದು ನೇರ ಒಳಗೆ ನಡೆದರು. ಹೊಸ ಕಮೋಡಿನ ಮುಚ್ಚಳ ಹಾಕಿ, ಪಾಯಿಜಾಮ ಸರಿಮಾಡಿಕೊಂಡು ಅದರ ಮೇಲೆ ಕೂತೇಬಿಟ್ಟರು. ಗೋಡೆಯ ಹಿಡಿಕೆ ಹಿಡಿದು ಎದ್ದರು, ಮತ್ತೆ ಕೂತರು. ಹಿಡಿಕೆ ಎತ್ತರವಾಯಿತು, ನಾಲ್ಕು ಬೆರಳು ಇಳಿಸಿ ಎಂದರು. ತಮ್ಮ ಹೆಂಡತಿಗೆ ಕೊನೆಯ ವರ್ಷ ಇಂಥದ್ದು ಮಾಡಿಸಿಕೊಡಲಿಲ್ಲ, ದಿನಾ ತಾವೇ ಹಿಡಿದೆಬ್ಬಿಸಬೇಕಾಗುತ್ತಿತ್ತು, ಅದಕ್ಕೇ ಗೊತ್ತು ಎಂದರು. ಗೌಂಡಿ ಆಗಲೇ ಉಳಿ ಎತ್ತಿಕೊಂಡಿದ್ದ.

ರಜಿಸ್ಟ್ರಿ ಗೊತ್ತು ಮಾಡಿದ ದಿನವೇ ಆಯಿತು. ಮಾರನೇ ದಿನ ಅವ್ವನನ್ನು ಕರೆತಂದೆ. ಆಕೆ ಮನೆಯ ಏನನ್ನೂ ನೋಡಲಿಲ್ಲ. ವಾಕರ್ ಹಿಡಿದು ಸೀದಾ ಅಲ್ಲಿಗೇ ಹೋದಳು. ನಾನು ಹಿಂದೆ ಹೋದೆ.

"ನೀ ಯಾಕ? ಹೋಗ ಅತ್ತಾಗ," ಎಂದು ಬಾಗಿಲು ಹಾಕಿಕೊಂಡಳು. ಹೊರಗೆ ಗೋಡೆಗೆ ಆತು ನಿಂತೆ. ಸ್ವಲ್ಪ ಹೊತ್ತಿಗೆ ನೀರು ಬಿಟ್ಟ ಸದ್ದು ಕೇಳಿತು. ಬಾಗಿಲು ತೆರೆದುಕೊಂಡು ಅವ್ವ ತಾನೇ ಬಂದಳು. ಕುರ್ಚಿಯಲ್ಲಿ ಕೂತು, ಕುಡಿಯಲು ಒಂದು ತಂಬಿಗೆ ನೀರು ಕೇಳಿದಳು.