ಮೆಂತ್ಯಕ್ಕೆ ಕೊಟ್ಟ ಒತ್ತು

ಕಳೆದ ಭಾನುವಾರ ಭಾನುವಳ್ಳಿಯ ಅಕ್ಕನ ಮನೆಯಲ್ಲಿದ್ದೆ. ಹೊಟ್ಟೆ ಸರಿಯಿರಲಿಲ್ಲ. ಮಜ್ಜಿಗೆಯ ಜೊತೆ ನುಂಗಲು ಒಂದು ಚಮಚ ಮೆಂತ್ಯ ಬೇಕೆಂದು ಅಡುಗೆಮನೆಯ ಗೂಡಿನಿಂದ ಡಬ್ಬಿ ಇಳಿಸಿ ಮುಚ್ಚಳ ತೆಗೆದರೆ, ಘಮ್ಮೆಂದು ಮೂಗಿಗೆ ಬಂದದ್ದು ಕಾಫಿಪುಡಿ. ಡಬ್ಬಿಯ ಮೇಲಿನ ಚೀಟಿಯನ್ನು ಮತ್ತೊಮ್ಮೆ ನೋಡಿದೆ. ಅಕ್ಕನ ದುಂಡನೆಯ ನೀಲಿ ಅಕ್ಷರದಲ್ಲಿ 'ಮೆಂತೆ' ಎಂದಿದೆ. ಕೊನೆಯ ಅಕ್ಷರವನ್ನು ಕೆಂಪು ಶಾಯಿಯಲ್ಲಿ ಹೊಡೆದು 'ತ್ಯ' ಎಂದು ತಿದ್ದಿದೆ. ತಿದ್ದಿದವನು ನಾನು. ಆ ಕೆಂಪು ಗೆರೆ ಕಂಡಾಗಲೆಲ್ಲ ಕಣ್ಣು ಬೇರೆ ಕಡೆ ತಿರುಗಿಸುತ್ತೇನೆ. ಯಾಕೆಂದು ನಿಮಗೆ ಹೇಳುತ್ತೇನೆ, ಆದರೆ ನಿಧಾನವಾಗಿ. ಆತುರಪಟ್ಟರೆ ಏನಾದರೊಂದು ತಪ್ಪಿಹೋಗುತ್ತದೆ.

ನಾನು ಹರಿಹರದಲ್ಲಿ ಹೈಸ್ಕೂಲಿನ ಕನ್ನಡ ಮೇಷ್ಟರು. ಜೇಬಿನಲ್ಲಿ ಕೆಂಪು ಪೆನ್ನು ಇಲ್ಲದ ದಿನವಿಲ್ಲ. ಮದುವೆಯ ಕಾರ್ಡು ಬಂದರೆ ಮುಹೂರ್ತಕ್ಕಿಂತ ಮೊದಲು ಕಾಗುಣಿತ ನೋಡುತ್ತೇನೆ. ಇಂಥವನನ್ನು ಜನ ಹೇಗೆ ಸಹಿಸಿಕೊಳ್ಳುತ್ತಾರೋ, ನನಗಂತೂ ಗೊತ್ತಿಲ್ಲ.

ಎರಡು ವರ್ಷದ ಹಿಂದೆ, ಮಳೆಗಾಲ ಮುಗಿಯುವ ಹೊತ್ತಿಗೆ, ಅಕ್ಕನ ಮನೆಗೆ ಹೋದಾಗ ಗೂಡಿನ ಡಬ್ಬಿಗಳಿಗೆಲ್ಲ ಹೊಸ ಚೀಟಿ ಅಂಟಿದ್ದವು. ಜೀರಿಗೆ, ಸಾಸಿವೆ, ಗಸಗಸೆ, ರವೆ, ಹೀಗೆ. ಭಾವನದು ಊರಿನಲ್ಲೇ ಕಿರಾಣಿ ಅಂಗಡಿ. ಅಂಗಡಿಯಲ್ಲಿ ಕಣ್ಣು ಮುಚ್ಚಿಕೊಂಡು ಸಾಮಾನು ತೆಗೆಯುವ ಮನುಷ್ಯನಿಗೆ ಸ್ವಂತ ಅಡುಗೆಮನೆಯಲ್ಲಿ ಉಪ್ಪು ಯಾವ ಮೂಲೆಯಲ್ಲಿದೆ ಎಂದು ತಿಳಿಯದು.

"ನೋಡ್ರಿ ಮೇಷ್ಟ್ರೇ," ಎಂದು ಭಾವ ನಕ್ಕಿದ್ದ. "ನಿಮ್ಮಕ್ಕ ಮನೆಯಾಗೂ ಒಂದ್ ಅಂಗಡಿ ತೆಗದಾಳೆ."

"ನಿಮಗೇ ಅನುಕೂಲ ಆಗ್ಲಿ ಅಂತ ಬರ್ದಿದ್ದು," ಎಂದಳು ಅಕ್ಕ.

ನಾನು ಚೀಟಿಗಳನ್ನು ಒಂದೊಂದಾಗಿ ಓದಿದೆ. "ಅಕ್ಷರ ಚಂದ ಐತಕ್ಕ. ಒಂದೇ ಒಂದು ತಪ್ಪು," ಎಂದು ಕೆಂಪು ಪೆನ್ನು ತೆಗೆದು ಮೆಂತೆಯ 'ತೆ' ಹೊಡೆದು ಯ-ಒತ್ತು ಕೊಟ್ಟೆ. ಮೆಂತೆ ಎಂದರೂ ತಪ್ಪೇನಲ್ಲ, ಅದು ನನಗೆ ಆಗಲೂ ಗೊತ್ತಿತ್ತು. ಅಕ್ಕ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.

"ಈಗ ಎಲ್ಲ ಸರಿ ಆತಾ?" ಎಂದು ಕೇಳಿದಳು.

"ಈಗ ಎಲ್ಲ ಸರಿ," ಎಂದೆ.

ಆ ದಿನಗಳಲ್ಲಿ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಊಟ ಸೇರುತ್ತಿರಲಿಲ್ಲ, ಎದೆ ಭಾರ ಎನ್ನುತ್ತಿದ್ದಳು. ಹರಿಹರದ ಡಾಕ್ಟರು ರಕ್ತ, ಎದೆಯ ಇಸಿಜಿ ಎಲ್ಲ ನೋಡಿ, ಏನೂ ದೋಷವಿಲ್ಲ, ದಾವಣಗೆರೆಯಲ್ಲಿ ಮನಶ್ಶಾಸ್ತ್ರಜ್ಞರೊಬ್ಬರಿದ್ದಾರೆ, ಒಮ್ಮೆ ಮಾತಾಡಿ ಬನ್ನಿ ಎಂದು ಬರೆದುಕೊಟ್ಟರು. ಭಾವನಿಗೆ ಅದು ಹಿಡಿಸಲಿಲ್ಲ. "ಅಕಿಗೆ ತಲೆ ಸರಿ ಐತೆ. ನನ್ನ ತಲೆನೇ ಕೆಡಿಸ್ತಾಳೆ, ಅಷ್ಟು ಸರಿ ಐತೆ," ಎಂದ. ಕೊನೆಗೆ ಕರೆದುಕೊಂಡು ಹೋಗುವ ಕೆಲಸ ನನಗೆ ಬಿತ್ತು.

ಹೇಗೆ ಹೋದೆವು ಎಂದರೆ ನಿಮಗೆ ನಗು ಬರಬಹುದು. ಡಾಕ್ಟರ ಹತ್ತಿರ ಹೋಗುವುದೆಂದರೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು ಎಂಬುದು ನಮ್ಮಿಬ್ಬರ ತಲೆಯಲ್ಲಿ ಕೂತಿತ್ತು. ಅಕ್ಕ ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲ. ನನ್ನ ಕಂಕುಳಲ್ಲಿ ಎಕ್ಸ್‌ರೇ ಸಮೇತ ದಪ್ಪನೆಯ ಫೈಲು. ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಆಟೋದವನು ಎಲ್ಲಿಗೆ ಎಂದಾಗ, "ಕೆ.ಬಿ. ಬಡಾವಣೆ, ಹಲ್ಲಿನ ಡಾಕ್ಟ್ರ ಹತ್ರ," ಎಂದುಬಿಟ್ಟೆ. ಅವನು ಫೈಲನ್ನು ನೋಡಿ, "ಎಷ್ಟು ಹಲ್ಲು ಕೀಳಸ್ತೀರಿ ಸರ್?" ಎಂದ. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳು ನಕ್ಕಿದ್ದು ಕಂಡು, ಇವಳಿಗೆ ಏನೂ ಆಗಿಲ್ಲ ಎಂದು ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟೆ.

ಮನಶ್ಶಾಸ್ತ್ರಜ್ಞರ ಕೋಣೆಯಲ್ಲಿ ಮಲಗಿಸಿ ನೋಡುವ ಮಂಚವಿರಲಿಲ್ಲ, ಕೊರಳಿಗೆ ಹಾಕುವ ಸ್ಟೆತಾಸ್ಕೋಪೂ ಇರಲಿಲ್ಲ. ಒಂದೇ ಎತ್ತರದ ಮೂರು ಕುರ್ಚಿ, ಒಂದು ಗಡಿಯಾರ, ಒಂದು ಹೂಜಿ ನೀರು. ತಾವೇ ಬಾಗಿಲಿಗೆ ಬಂದು ಕರೆದವರು ಮೂವತ್ತೈದು ದಾಟಿರದ ಹೆಣ್ಣುಮಗಳು. "ಬರ್ರಿ, ಕೂಡ್ರಿ," ಎಂದರು. ನಾನು ಚಾಚಿದ ಫೈಲನ್ನು ತೆಗೆದುಕೊಂಡು ತೆರೆಯದೆ ಪಕ್ಕಕ್ಕಿಟ್ಟರು. ಅಕ್ಕ ಉಪವಾಸ ಬಂದಿದ್ದಾಳೆ ಎಂದು ತಿಳಿದಾಗ ಮೊದಲು ನೀರು ಕುಡಿಸಿದರು.

"ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ," ಎಂದರು. "ನಿಮ್ಮ ಜೀವಕ್ಕೆ ಅಪಾಯ ಐತೆ ಅನ್ಸಿದ್ರೆ ಮಾತ್ರ ಮನೆಯವ್ರಿಗೆ ತಿಳಿಸ್ಬೇಕಾಗುತ್ತೆ. ನಿಮ್ಮ ತಮ್ಮ ಒಳಗಿರ್ಲಾ, ಹೊರಗೆ ಕೂತಿರ್ಲಾ? ನೀವ್ ಹೇಳಿದಂಗೆ."

"ಇರ್ಲಿ ಬಿಡ್ರಿ," ಎಂದಳು ಅಕ್ಕ. "ಹೊರಗೆ ಬಿಟ್ರೆ ನಿಮ್ಮ ಬೋರ್ಡು ತಿದ್ತಾನೆ."

ನಿದ್ದೆ ಹೆಂಗೈತೆ ಎಂದು ಕೇಳಿದರು. "ಮೂರು ತಾಸು ಮೇಡಂ," ಎಂದೆ ನಾನು. ಊಟ? "ಅರ್ಧ ರೊಟ್ಟಿ," ಎಂದೆ. ಆಕೆ ನನ್ನ ಕಡೆ ತಿರುಗಿ, "ಸರ್, ನಿಮ್ಮ ನಿದ್ದೆ ಊಟ ಆಮೇಲೆ ಕೇಳ್ತೀನಿ," ಎಂದರು. ಅಲ್ಲಿಂದ ಸುಮ್ಮನಾದೆ. ನಾನು ಸುಮ್ಮನಾದ ಮೇಲೆ ಅಕ್ಕ ಮಾತಾಡಲು ಶುರುಮಾಡಿದಳು. ಅದನ್ನೂ ಗಮನಿಸಿದೆ.

ಸುಮಾರು ಅರ್ಧ ಗಂಟೆ ಕಳೆದಿರಬೇಕು. ಊಟ ಆತೇನ್ರಿ ಎಂದು ಕೇಳುವ ಧ್ವನಿಯಲ್ಲೇ ಆಕೆ ಕೇಳಿದರು: "ಬದುಕಿರೋದು ಬ್ಯಾಡ ಅಂತ ಯಾವಾಗಾದ್ರೂ ಅನ್ಸೈತೇನ್ರಿ?"

ನಾನು ಕುರ್ಚಿಯಿಂದ ಅರ್ಧ ಎದ್ದೆ. "ಏನ್ ಮೇಡಂ ಇದು. ಹಂಗೆ ಕೇಳಿದ್ರೆ ಇಲ್ಲದ್ದು ತಲೆಗೆ ಬರಲ್ವಾ?"

"ಕೇಳಿದ್ದಕ್ಕೆ ಬರಲ್ಲ ಸರ್. ಇದ್ರೆ, ಹೇಳೋಕೆ ಒಂದು ದಾರಿ ಸಿಗುತ್ತೆ. ಕೂಡ್ರಿ."

ಅಕ್ಕ ನನ್ನನ್ನು ನೋಡಲಿಲ್ಲ. ಆಕೆಯನ್ನೇ ನೋಡುತ್ತ, "ಅನ್ಸೈತ್ರಿ," ಎಂದಳು. ಯಾವಾಗಿಂದ ಎಂದರು. "ಈ ಮಳೆ ಹಿಡಿದಾಗಿಂದ." ಅದಕ್ಕಾಗಿ ಏನಾದರೂ ತಯಾರಿ ಮಾಡಿಕೊಂಡಿದ್ದೀರಾ ಎಂದರು.

"ಡಬ್ಬಿಗೆಲ್ಲ ಹೆಸರು ಬರ್ದಿಟ್ಟೀನ್ರಿ," ಎಂದಳು ಅಕ್ಕ. "ನಮ್ಮನೆಯವ್ರಿಗೆ ಯಾವುದು ಎಲ್ಲೈತೆ ಗೊತ್ತಿಲ್ಲ. ನಾನಿಲ್ದಾಗ ಹುಡುಕ್ಯಾಡಬಾರ್ದಲ್ಲ."

ಆಗ ಆ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಗಡಿಯಾರದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ನನ್ನ ಕೈ ತಾನಾಗಿ ಹೋಗಿ ಜೇಬಿನ ಪೆನ್ನನ್ನು ಮುಚ್ಚಿ ಹಿಡಿದಿತ್ತು. ಇಷ್ಟು ಖಚಿತವಾಗಿ ನೆನಪಿದೆ, ಇನ್ನುಳಿದದ್ದು ಮಸುಕು. ಅಕ್ಕ ಬರೆದಿಟ್ಟ ಕೊನೆಯ ಪತ್ರ ಇಪ್ಪತ್ತು ಡಬ್ಬಿಗಳ ಮೇಲೆ ಹರಡಿಕೊಂಡಿತ್ತು. ಅದನ್ನು ಮೊದಲು ಓದಿದವನು ನಾನು. ಓದಿ, ಅಕ್ಷರ ಹೊಗಳಿ, ತಪ್ಪು ತಿದ್ದಿ, ಈಗ ಎಲ್ಲ ಸರಿ ಎಂದು ಹೇಳಿದ್ದೆ.

ಮೇಡಂ ಧೈರ್ಯ ತಗೊಳ್ರಿ ಎನ್ನಲಿಲ್ಲ. ಗಂಡನ ಮುಖ ನೋಡಿ ಬದುಕಿ ಎಂದೂ ಅನ್ನಲಿಲ್ಲ. "ಹೇಳಿದ್ದು ಒಳ್ಳೇದಾಯ್ತ್ರಿ," ಎಂದರು. ಅಕ್ಕನನ್ನು ಕೇಳಿಯೇ ಭಾವನಿಗೆ ಫೋನು ಮಾಡಿದರು. ಕೆಲವು ವಾರ ಇವರೊಬ್ಬರೇ ಇರಬಾರದು ಎಂದರು, ಮನೆಯಲ್ಲಿ ಏನೇನು ಕೈಗೆ ಸಿಗದಂತೆ ಎತ್ತಿಡಬೇಕು ಎಂದು ನನ್ನಿಂದ ಬರೆಸಿದರು. ಮಾತ್ರೆ ಬರೆಯುವ ಮನೋವೈದ್ಯರ ಬಳಿಗೆ ಅವತ್ತೇ ಕಳಿಸಿದರು. ಹೊರಡುವಾಗ ನಾನು, ಕಾರಣ ಏನು ಮೇಡಂ ಎಂದೆ. "ಪರೀಕ್ಷೆ ಪೇಪರ್ ಅಲ್ಲ ಸರ್, ಒಂದೇ ಉತ್ತರ ಇರೋಕೆ," ಎಂದರು. "ಹುಡುಕೋಣಂತೆ. ಮುಂದಿನ ವಾರ ಬರ್ರಿ."

ಬಸ್‌ಸ್ಟ್ಯಾಂಡಿನ ಬಳಿ ಅಕ್ಕ ಒಂದು ಹೋಟೆಲಿನ ಮುಂದೆ ನಿಂತುಕೊಂಡಳು. "ಹಸಿವಾಗೈತೆ ಕಣೋ," ಎಂದಳು. ಎರಡು ಇಡ್ಲಿ ಪೂರ್ತಿ ತಿಂದಳು. ನನ್ನ ತಟ್ಟೆಯನ್ನೂ ಅವಳತ್ತ ಸರಿಸಿದೆ.

ಭಾವ ಅಂಗಡಿಯ ಬಾಗಿಲು ಹಾಕಿ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಹಗಲು ಹೊತ್ತಿನಲ್ಲಿ ಆ ಅಂಗಡಿ ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ನಮ್ಮನ್ನು ಕಂಡು, "ಚೀಟಿ ನೋಡಿ ನಾನು ಖುಷಿಪಟ್ಟಿದ್ದೆ," ಎಂದ. ಆಮೇಲೆ ಒಳಗೆ ಹೋಗಿ ಚೀಟಿಗಳನ್ನು ಕೀಳಲು ಉಗುರು ಹಾಕಿದ.

"ಕೀಳಬ್ಯಾಡ್ರಿ," ಎಂದಳು ಅಕ್ಕ. "ಗೋಂದಿನ ಕಲೆ ಉಳೀತೈತೆ. ಇರ್ಲಿ, ನಾನೇ ನೋಡ್ಕಂತೀನಿ."

ಅವಳು ಏನು ನೋಡಿಕೊಂಡಳು ಎಂದು ನನಗೆ ತಿಳಿದದ್ದು ಕಳೆದ ಭಾನುವಾರ. ಕಾಫಿಪುಡಿಯ ಡಬ್ಬಿ ಹಿಡಿದು ನಿಂತವನು ಪಕ್ಕದ್ದನ್ನೂ ತೆರೆದೆ. 'ರವೆ'ಯಲ್ಲಿ ಕಡಲೆಬೇಳೆ. 'ಜೀರಿಗೆ'ಯಲ್ಲಿ ಏಲಕ್ಕಿ. ಒಂದು ಚೀಟಿಯೂ ನಿಜ ಹೇಳುತ್ತಿರಲಿಲ್ಲ. ಹಿಂದಿನಿಂದ ಅಕ್ಕ ಬಂದಳು. ಈಗ ಅವಳು ತಿಂಗಳಿಗೊಮ್ಮೆ ಒಬ್ಬಳೇ ಬಸ್ಸು ಹತ್ತಿ ದಾವಣಗೆರೆಗೆ ಹೋಗಿ ಬರುತ್ತಾಳೆ. ಆಟೋದವರಿಗೆ ಹಲ್ಲಿನ ಸುಳ್ಳು ಹೇಳುವುದಿಲ್ಲ.

ನಾನು ಡಬ್ಬಿ ಕೆಳಗಿಟ್ಟೆ. ಕೇಳಬೇಕಾದ್ದನ್ನು ಕೇಳಲು ನನಗೆ ಎರಡು ವರ್ಷ ಹಿಡಿದಿದೆ. "ಅಕ್ಕ, ಆ ಯೋಚನೆ ಈಗಲೂ ಬರ್ತೈತಾ?" ಎಂದೆ. ನನ್ನ ಧ್ವನಿ ಊಟ ಆತಾ ಎಂದು ಕೇಳುವಷ್ಟು ಸಲೀಸಾಗಿರಲಿಲ್ಲ.

"ಒಂದೊಂದ್ ಸಲ," ಎಂದಳು. "ಬಂದ್ರೆ ಇವ್ರಿಗೆ ಹೇಳ್ತೀನಿ. ಇವ್ರು ಅಂಗಡಿ ಬಾಗ್ಲು ಹಾಕ್ಕಂಡು ಬಂದು ಕುಂತ್ಕಂತಾರೆ." ನಾನು ಇಳಿಸಿದ್ದ ಡಬ್ಬಿಗಳನ್ನು ನೋಡಿ, "ನೀ ಯಾಕ ಡಬ್ಬಿ ಎಲ್ಲ ಇಳಿಸೀಯ? ಚೀಟಿ ಓದಬ್ಯಾಡೋ. ನಾನಿದೀನಲ್ಲ, ನನ್ನ ಕೇಳು," ಎಂದಳು.

ಜೇಬಿನಲ್ಲಿ ಕೆಂಪು ಪೆನ್ನು ಇತ್ತು.

"ಮೆಂತೆ ಎಲ್ಲೈತಕ್ಕ?" ಎಂದು ಕೇಳಿದೆ.