ದೇವರ ಕೋಣೆಯಲ್ಲಿ ಮೆದುಳು ಬೆಳೆದ ಬೇಸಿಗೆ

ಸ್ಟೇಶನ್ ಬಜಾರದ ಆಮ್ಲೆಟ್ ಬಂಡಿ ಕಂಡರೆ ನಾನು ಕರವಸ್ತ್ರ ಹುಡುಕುವವನು. ತತ್ತಿ ಮುಟ್ಟದ ಮನೆತನದವನ ಮೂಗು, ಏನು ಮಾಡುವುದು ಹೇಳಿ. ನಿನ್ನೆ ಮಾತ್ರ ಆ ವಾಸನೆಗೆ ನಮ್ಮ ವೈನಿಯ ನೆನಪಾಗಿ ಬಂಡಿಯ ಮುಂದೆ ನಿಂತೇಬಿಟ್ಟೆ.

ವೈನಿ ಸುಜಾತಾ, ಅಣ್ಣನ ಹೆಂಡತಿ, ಆಗ ಕಲಬುರಗಿಯಲ್ಲಿ ಸಂಶೋಧನೆ ಮಾಡುತ್ತಿದ್ದರು. ತತ್ತಿಯೊಳಗಿನ ಕೋಳಿಮರಿಯ ಮುಮ್ಮೆದುಳಿನಲ್ಲಿ ನರಕೋಶಗಳು ಹೇಗೆ ಹುಟ್ಟುತ್ತವೆ ಎಂಬುದು ಅವರ ವಿಷಯ. ನಮ್ಮ ಮೆದುಳಿನ ಹೊರಪದರವೂ ಹೆಚ್ಚುಕಮ್ಮಿ ಇಂಥದೇ ಸಂಕೇತಗಳಿಂದ ಬೆಳೆಯುತ್ತದಂತೆ. ನನಗೆ ಗೊತ್ತಿದ್ದ ಮೆದುಳೆಂದರೆ ಪರೀಕ್ಷೆಗಳಲ್ಲಿ ಕೈಕೊಟ್ಟ ನನ್ನದೊಂದೇ.

ತತ್ತಿ ಇಡುವ ಕಾವುಪೆಟ್ಟಿಗೆಗೆ ಕಾಯಿಸಲು ಬರುತ್ತದೆ, ತಣಿಸಲು ಬರುವುದಿಲ್ಲ. ಆ ಬೇಸಿಗೆಯಲ್ಲಿ ಪ್ರಯೋಗಶಾಲೆಯೇ ಪೆಟ್ಟಿಗೆಗಿಂತ ಬಿಸಿಯಾಗಿ ಎರಡು ಸಲ ತತ್ತಿಗಳೆಲ್ಲ ಸತ್ತವು. ಇನ್ನೊಮ್ಮೆ ಕೆಟ್ಟರೆ ಸಂಶೋಧನೆಯ ಅವಧಿ ಮುಗಿದು ಅವರ ಇಷ್ಟು ವರ್ಷಗಳ ದುಡಿಮೆ ನೀರುಪಾಲು. ತಂಪು ಜಾಗವೆಂದರೆ ಕಮಲಾಪುರದ ನಮ್ಮ ಕಲ್ಲಿನ ಮನೆಯ ದೇವರ ಕೋಣೆ. ಅವ್ವನ ಮುಂದೆ ತತ್ತಿಯ ಹೆಸರೆತ್ತುವವರು ಯಾರು? ಅಣ್ಣ ನನ್ನ ಮುಖ ನೋಡಿದ, ನಾನು ಸೂರು ನೋಡಿದೆ. ವೈನಿಯೇ ಕೋಣೆ ಕೇಳಿ, ಕಾರಣ ಹೇಳಿದರು.

"ಅತ್ತಿ, ಮದಲ ಈ ಕೋಶಗೋಳು ಬರೇ ಒಂದು ಹೋಗಿ ಎರಡು ಆಗ್ತಾವ್ರಿ. 'ಇನ್ನೂ ಹೆಚ್ಚಾಗ್ರಿ, ಈಗೇ ನರಕೋಶ ಆಗಬ್ಯಾಡ್ರಿ' ಅಂತ ಒಂದು ಪ್ರೋಟೀನ್ ಹೇಳ್ತಿರ್ತದ. ಅದು ಲಗೂನ ಸುಮ್ಮನಾದ್ರ ನರಕೋಶ ಕಡಿಮಿ ಬೀಳ್ತಾವ. ಅದು ಎಷ್ಟು ಹೊತ್ತು ಹೇಳಬೇಕು ಅಂತ ನೋಡ್ಲಾಕತ್ತೀನ್ರಿ."

"ಕಡೀಕ ಮರಿ ಹೊರಗ ಬರ್ತಾವೇನವಾ?"

"ಇಲ್ರಿ. ಮೆದುಳು ನೋಡ್ಲಾಕ ತತ್ತಿ ಒಡೀಬೇಕಾಗ್ತದ."

ಸುಳ್ಳು ಹೇಳಿದ್ದರೆ ಕೆಲಸ ಸುಲಭವಾಗುತ್ತಿತ್ತು. ಅವರು ಹೇಳಲಿಲ್ಲ. ವೈನಿಯ ಬಗ್ಗೆ ನನ್ನ ಗೌರವ ಅಂದು ಎರಡು ಪಟ್ಟಾಯಿತು.

ಅವ್ವ ಎದ್ದು ದೇವರ ಕೋಣೆಯ ಜಗಲಿಯ ಮೇಲಿದ್ದ ದೇವರುಗಳನ್ನು ಒಂದೊಂದಾಗಿ ಸೆರಗಿನಲ್ಲಿ ಹಿಡಿದು ನಡುಮನೆಗೆ ತಂದಿಟ್ಟಳು.

"ದೇವರು ಸೆಕಿ ತಡಕೋತಾವ, ಇವಕ್ಕ ಆಗಂಗಿಲ್ಲ. ತಗೊಂಬಾ ನಿನ್ನ ಪೆಟಗಿ. ಒಡಿಯೋ ದಿನ ಮಾತ್ರ ನನಗ ಹೇಳಬ್ಯಾಡ."

ಈ ಸಲ ಮೆದುಳುಗಳು ಬೆಳೆದವು. ಆ ಪ್ರೋಟೀನಿನ ಸಂಕೇತ ಬೇಗ ನಿಂತ ಮೆದುಳು ತೆಳ್ಳಗೆ, ನಿಲ್ಲದೆ ನಡೆದದ್ದು ದಪ್ಪಗೆ; ಸೂಕ್ಷ್ಮದರ್ಶಕದಲ್ಲಿ ನನ್ನಂಥವನಿಗೂ ವ್ಯತ್ಯಾಸ ಕಂಡಿತು. ವೈನಿ ಡಾಕ್ಟರೇಟ್ ಪಡೆದು ಪೆಟ್ಟಿಗೆ ಒಯ್ದ ಮೇಲೂ ಅವ್ವ ದೇವರನ್ನು ಒಳಗಿಡಲಿಲ್ಲ. ಕೇಳಿದರೆ, "ಆ ಖೋಲಿ ಸುಜಾತಾಂದು. ಮುಂದಿನ ಬ್ಯಾಸಗಿಗಿ ಮತ್ತ ಬೇಕಾದ್ರ?" ಎಂದಳು.

ನಡುಮನೆಯಲ್ಲೇಕೆ ದೇವರು ಎಂದು ಬಂದವರೆಲ್ಲ ಕೇಳುತ್ತಾರೆ. ವಾಸ್ತು ಎಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಇಂದು ಬೆಳಿಗ್ಗೆ ಹೊಸ ಬೀಗರು ಕೇಳಿದರು.

"ಕೋಳಿಮರಿ ಮೆದುಳು ಬೆಳೀಲಿ ಅಂತ ದೇವರು ಜಾಗಾ ಬಿಟ್ಟುಕೊಟ್ಟಾರ್ರಿ," ಎಂದೆ.